ತೆಗೆದರೆ ಮುಗಿಯಿತು ಅನ್ನೋ ಗಡ್ಡೆಯಲ್ಲ ಇದು

ಮಿದುಳಿನ ಗಡ್ಡೆಯ ಬಗ್ಗೆ ಮತ್ತೊಂದು ವಿಡಿಯೋ ಓಡಾಡ್ತಿದೆ. ಕೆಂಪಗೆ ಗುಂಡಗೆ ಏನೋ ತೋರಿಸಿ, ‘ಇದನ್ನು ತೆಗೆದರೆ ರೋಗಿ ಪಾರು’ ಅಂತ. ಮಿದುಳಿನ ಹೊದಿಕೆಯಲ್ಲಿ ಹುಟ್ಟೋ, ಸಾಮಾನ್ಯವಾಗಿ ಅಂಚು ಸ್ಪಷ್ಟವಿರೋ ಮೆನಿಂಜಿಯೋಮಾ ಆಗಿದ್ದರೆ ಬಹುಮಟ್ಟಿಗೆ ಒಪ್ಪಬಹುದಿತ್ತು. ವಿಡಿಯೋ ಕೆಳಗೆ ಬರೆದಿರೋದು ಗ್ಲಿಯೋಬ್ಲಾಸ್ಟೋಮಾ, ಮಿದುಳಿನೊಳಗೇ ಹರಡೋ ಉಗ್ರ ಕ್ಯಾನ್ಸರ್! ಅದಕ್ಕೆ ಅಂಚೆಲ್ಲಿದೆ ಸ್ವಾಮಿ?

ಕಾಂಟ್ರಾಸ್ಟ್ ಹಾಕಿದ ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯೋದನ್ನೆಲ್ಲ ಸರ್ಜನ್ ತೆಗೆದರೂ, ಸರಿಯಾಗೇ ಕಾಣುವ ಸುತ್ತಲಿನ ಮಿದುಳಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿರುತ್ತವೆ. ಮತ್ತೆ ಬರೋದು ಹೆಚ್ಚಾಗಿ ಅದೇ ಜಾಗದ ಎರಡು ಸೆಂಟಿಮೀಟರ್ ಒಳಗೆ. ಅಲ್ಲಿ ಅವು ತೆಪ್ಪಗೆ ಕೂತಿರಲ್ಲ, ಅಕ್ಕಪಕ್ಕದವರನ್ನು ದುಡಿಸಿಕೊಳ್ಳುತ್ತವೆ.

ನರಕೋಶಗಳನ್ನೇ ತಗೊಳ್ಳಿ. ಗಡ್ಡೆಯ ಕೋಶ ತನ್ನ ರಕ್ಷಣೆಗೆ ಗ್ಲುಟಥಯೋನ್ ಅನ್ನೋ ರಾಸಾಯನಿಕ ಮಾಡಿಕೊಳ್ಳಬೇಕು, ಅದಕ್ಕೆ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಬೇಕು. ಒಂದು ಸಿಸ್ಟೀನ್ ಒಳಗೆಳೆದಾಗ ಒಂದು ಗ್ಲುಟಮೇಟ್ ಹೊರಗೆ. ಗ್ಲುಟಮೇಟ್ ಅಂದರೆ ನರಕೋಶಗಳನ್ನು ಚುರುಕುಗೊಳಿಸೋ ರಾಸಾಯನಿಕ. ಹೊರಬಿದ್ದ ಅದು ಪಕ್ಕದ ನರಕೋಶಗಳನ್ನು ಕೆರಳಿಸುತ್ತೆ. ಫಿಟ್ಸ್‌ಗೆ ಇದೂ ಒಂದು ಕಾರಣ. ಕೆರಳಿದ ನರಕೋಶದ ಕಡೆಯಿಂದ ನ್ಯೂರೋಲಿಜಿನ್-3 ಅನ್ನೋ ಪ್ರೋಟೀನಿನ ತುಂಡು ಕಳಚಿ ಬಂದು ಗಡ್ಡೆಯನ್ನು ಬೆಳೆಸುತ್ತೆ. ಇದನ್ನು 2015ರಲ್ಲಿ ತೋರಿಸಿದ್ದು ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮಾಂಜೆ ತಂಡ. 2019ರಲ್ಲಿ ಅವರೂ, ಹೈಡೆಲ್‌ಬರ್ಗ್‌ನವರೂ ಬೇರೆ ಬೇರೆಯಾಗಿ ಇನ್ನೊಂದನ್ನು ತೋರಿಸಿದರು: ನರಕೋಶಗಳು ಗಡ್ಡೆಯ ಕೋಶಗಳ ಜೊತೆ ನೇರವಾಗಿ ಸಿನಾಪ್ಸ್, ಅಂದರೆ ಸಂಕೇತ ದಾಟಿಸೋ ಸಂಪರ್ಕ, ಕಟ್ಟಿಕೊಂಡಿರುತ್ತವೆ. ವಿಡಿಯೋದವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಬಿಡಿ.

ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕಥೆ ಇನ್ನೂ ಘೋರ. ಸಿಎಸ್‌ಎಫ್-1 ಅನ್ನೋ ಸಂಕೇತ ಪ್ರೋಟೀನ್ ಬಿಟ್ಟು ಗಡ್ಡೆ ಅವನ್ನು ಕರೆಸಿಕೊಳ್ಳುತ್ತೆ, ಟಿಜಿಎಫ್-ಬೀಟಾ ಅನ್ನೋ ಇನ್ನೊಂದರಿಂದ ಅವುಗಳ ಆಕ್ರಮಣ ಅಡಗಿಸುತ್ತೆ. ಆಮೇಲೆ ಕೋಶಗಳ ನಡುವಿನ ಜಾಲವನ್ನು ಕರಗಿಸೋ ಕಿಣ್ವಗಳನ್ನು ಅವುಗಳಿಂದಲೇ ಮಾಡಿಸಿ ಮುಂದೆ ನುಗ್ಗುತ್ತೆ. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. ಹಾಗಾದರೆ ಆ ಸಿಎಸ್‌ಎಫ್-1 ಬಂದು ಅಂಟಿಕೊಳ್ಳೋ ಗ್ರಾಹಿಯನ್ನೇ ಮುಚ್ಚಿಬಿಟ್ಟರೆ? ಗಡ್ಡೆ ಮರುಕಳಿಸಿದ ರೋಗಿಗಳಲ್ಲಿ ಅಂಥ ಔಷಧಿಯೊಂದನ್ನೇ ಕೊಟ್ಟು ನೋಡಿದ್ದಾರೆ. ಫಲ ಸಿಗಲಿಲ್ಲ.

‘ಜನಸಾಮಾನ್ಯರಿಗೆ ಇಷ್ಟೆಲ್ಲ ಯಾಕೆ, ಹೆದರ್ತಾರೆ’ ಅಂತ ಬರ್ತೀರಿ ಅಂತ ಗೊತ್ತು. ಅರ್ಧ ಸತ್ಯ ಹೇಳಿದರೆ ಧೈರ್ಯ ಬರುತ್ತಾ? ‘ತೆಗೆದಾಯ್ತಲ್ಲ, ಮತ್ತೆ ರೇಡಿಯೇಷನ್ ಯಾಕೆ’ ಅನ್ನೋ ಪ್ರಶ್ನೆ ಹುಟ್ಟೋದೇ ಇಂಥ ವಿಡಿಯೋದಿಂದ. ಸಾಮಾನ್ಯವಾಗಿ ಕೊಡೋದು ಆರು ವಾರ, 30 ಕಂತು, ಒಟ್ಟು 60 ಗ್ರೇ (ರೇಡಿಯೇಷನ್ ಅಳೆಯೋ ಮಾನ), ಜೊತೆಗೆ ದಿನಾ ಟೆಮೊಝೊಲೊಮೈಡ್ ಅನ್ನೋ ಕೀಮೋ ಔಷಧಿ. ರೇಡಿಯೇಷನ್ ಗಡಿಯನ್ನು ಆಪರೇಷನ್ ಆದ ಜಾಗದಿಂದ ಇನ್ನೂ ಆಚೆಗೆ ಎಳೆಯೋದು ಕಣ್ಣಿಗೆ ಕಾಣದ ಆ ಕೋಶಗಳಿಗಾಗಿಯೇ.

ಫಿಟ್ಸ್ ಮಾತ್ರೆಯದೂ ಅದೇ ಗೋಳು. ಅದು ಗಡ್ಡೆಗೆ ಮದ್ದು ಅಂತ ಸಾಬೀತಾಗಿಲ್ಲ, ನಾನೂ ಹಾಗೆ ಹೇಳ್ತಿಲ್ಲ. ಆದರೆ ಗಡ್ಡೆ ಹೋಯಿತು ಅಂತ ಲೆವಿಟಿರಾಸಿಟಮ್‌ನಂಥ ಫಿಟ್ಸ್ ಮಾತ್ರೆಯನ್ನು ನೀವಾಗೇ ಥಟ್ಟನೆ ನಿಲ್ಲಿಸಿದರೆ, ಆಪರೇಷನ್‌ಗೆ ಮುಂಚೆ ಇಲ್ಲದಷ್ಟು ಜೋರಾಗಿ ಫಿಟ್ಸ್ ಬರಬಹುದು. ಇಳಿಸೋದಿದ್ದರೆ ನ್ಯೂರಾಲಜಿಸ್ಟ್ ಹೇಳಿದ ಹಾಗೆ ಹಂತಹಂತವಾಗಿ ಇಳಿಸಿ.