ಅವಳ ಚೀನೀ ಭಾಷೆ ಹೊಗಳಿದ್ದು ಸಾಕು, ಪ್ರಶ್ನೆ ಕೇಳಿ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದವರು ಓದಿ.

ಚೀನಾದಲ್ಲಿ ಒಂಬತ್ತು ಗಂಟೆ ಅಂದರೆ ನಮಗೆ ಆರೂವರೆ. ಮುಖ ತೊಳೆದು ಮೀಟಿಂಗಿಗೆ ಕೂತೆ. ನಿಂಗ್ಬೋದ ಒಂದು ಸಪ್ಲೈಯರ್ ಕಂಪನಿಯಲ್ಲಿ ಗುಣಮಟ್ಟದ ರಿವ್ಯೂ. ನಾನು ಬೆಂಗಳೂರಿನಿಂದ ಕೇಳಿಸಿಕೊಳ್ಳುವವಳು ಮಾತ್ರ. ಮಾತಾಡಬೇಕಾಗಿದ್ದವಳು ನಮ್ಮ ಟೀಮಿನ ಶಿರಸಿ ಹುಡುಗಿ. ನಾನು ಚೀನಾದ ಸೂಜೌ ಊರಿನ ಕೆಲಸ ಬಿಟ್ಟು ಬಂದ ಮೇಲೆ ನನ್ನ ಜಾಗಕ್ಕೆ ಹೋದವಳು. ದುಭಾಷಿ ಇಲ್ಲ, ಇಂಗ್ಲಿಷ್ ಸ್ಲೈಡ್ ಇಲ್ಲ, ಮೊದಲಿಂದ ಕೊನೆವರೆಗೆ ಚೀನೀ ಭಾಷೆಯೇ.

ಎಷ್ಟು ಚೆನ್ನಾಗಿ ಮಾತಾಡಿದಳು ಅಂತ ಶುರು ಮಾಡಿದರೆ ಅಲ್ಲಿದ್ದವರಿಗೂ ನನಗೂ ವ್ಯತ್ಯಾಸ ಇರುವುದಿಲ್ಲ. ಆದ್ದರಿಂದ ಅವಳು ಏನು ಹೇಳಿದಳು ಅನ್ನುವುದನ್ನು ಮೊದಲು ಹೇಳುತ್ತೇನೆ.

ಅವರು ನಮಗೆ ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಭಾಗಗಳನ್ನು, ಅಂದರೆ ಕರಗಿದ ಲೋಹವನ್ನು ಡೈ ಅನ್ನುವ ಅಚ್ಚಿಗೆ ತುಂಬಿ ಮಾಡಿದ ಭಾಗಗಳನ್ನು, ಕೊಡುತ್ತಾರೆ. ಕೆಲವು ತಿಂಗಳಿಂದ ಆ ಭಾಗಗಳ ಒಳಗೆ ಬ್ಲೋಹೋಲ್ (ಸಣ್ಣ ತೂತು) ಬಂದು ಲೀಕ್ ಟೆಸ್ಟಿನಲ್ಲಿ ಬೀಳುತ್ತಿವೆ. ಅವರ ವಾದ ಏನೆಂದರೆ, ನಿಮ್ಮ ಡಿಸೈನಿನಲ್ಲಿ ಒಂದು ಕಡೆ ಗೋಡೆ ದಪ್ಪ ಇದೆ, ಲೋಹ ತಣ್ಣಗಾಗುವಾಗ ಅಲ್ಲಿ ಕುಗ್ಗಿ ತೂತು ಬೀಳುತ್ತದೆ, ತಪ್ಪು ನಿಮ್ಮದು. ಇವಳು ಎಕ್ಸ್‌ರೇ ಚಿತ್ರಗಳನ್ನೂ ಕೊಯ್ದ ಭಾಗಗಳ ಫೋಟೋಗಳನ್ನೂ ಸಾಲಾಗಿ ತೋರಿಸಿದಳು. ಲೋಹ ಕುಗ್ಗಿ ಆದ ತೂತಿನ ಅಂಚು ಹರಿದ ಹಾಗೆ ಒರಟಾಗಿರುತ್ತದೆ. ಗಾಳಿ ಸಿಕ್ಕಿಕೊಂಡು ಆದದ್ದು ದುಂಡಗೆ, ಒಳಮೈ ನುಣುಪು. ಇಲ್ಲಿ ಹೆಚ್ಚಿನವು ದುಂಡಗಿದ್ದವು. ಅಂದರೆ ಡಿಸೈನಿನ ದೋಷ ಅಲ್ಲ. ಡೈ ಮೇಲೆ ಹೊಡೆಯುವ ಸ್ಪ್ರೇ ಒಣಗುವ ಮುಂಚೆಯೇ ಲೋಹ ತುಂಬುತ್ತಿದ್ದಾರೆ, ಆ ತೇವ ಆವಿಯಾಗಿ ಒಳಗೇ ಉಳಿಯುತ್ತಿದೆ. ಶಿಫ್ಟ್ ಶುರುವಾದ ಹೊತ್ತಿನಲ್ಲಿ, ಡೈ ಇನ್ನೂ ತಣ್ಣಗಿರುವಾಗ, ರಿಜೆಕ್ಷನ್ ಜಾಸ್ತಿ ಅನ್ನುವುದಕ್ಕೂ ಅವಳ ಹತ್ತಿರ ಚಾರ್ಟ್ ಇತ್ತು. ಹಾಗಾಗಿ ರೀವರ್ಕಿನ, ಅಂದರೆ ಕೆಟ್ಟ ಭಾಗಗಳನ್ನು ಮತ್ತೆ ಸರಿಮಾಡುವ ಖರ್ಚಿನ, 86 ವಾನ್ ಯುವಾನ್, ನಮ್ಮ ಲೆಕ್ಕದಲ್ಲಿ 8.6 ಲಕ್ಷ ಯುವಾನ್, ನೀವು ಭರಿಸಬೇಕು ಅಂದಳು. ಅವರದೇ ಕೋಣೆಯಲ್ಲಿ, ಅವರ ಜನರಲ್ ಮ್ಯಾನೇಜರ್ ಎದುರಿಗೆ, ಅವರದೇ ಭಾಷೆಯಲ್ಲಿ.

ಅದಾದ ಮೇಲೆ ಚಪ್ಪಾಳೆ. ಜನರಲ್ ಮ್ಯಾನೇಜರ್ ನಗುತ್ತಾ "ನಿಮ್ಮ ಚೀನೀ ಭಾಷೆ ಎಷ್ಟು ಚೆನ್ನಾಗಿದೆ, ನಮ್ಮ ನಿಂಗ್ಬೋದವರಿಗಿಂತ ಶುದ್ಧ" ಅಂದರು. ಎಲ್ಲಿ ಕಲಿತಿರಿ, ಎಷ್ಟು ವರ್ಷ ಆಯಿತು, ಖಾರ ತಿನ್ನುತ್ತೀರಾ. ಗುಂಪು ಫೋಟೋ. ಮುಗಿಯಿತು. 86 ವಾನ್ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ಸುಳ್ಳು ಅಂತಲೂ ಅನ್ನಲಿಲ್ಲ, ಒಪ್ಪಿದೆವು ಅಂತಲೂ ಅನ್ನಲಿಲ್ಲ. ಮದುವೆ ಮನೆಯಲ್ಲಿ ಹಾಡು ಹೇಳಿದ ಮಗುವಿನ ಕೆನ್ನೆ ಸವರಿದ ಹಾಗೆ ಸವರಿ ಕಳಿಸಿದರು.

ನನಗೆ ಇದು ಹೊಸದಲ್ಲ. ಸೂಜೌನಲ್ಲಿದ್ದ ವರ್ಷಗಳ ಗೋಳನ್ನು ಇಲ್ಲೇ ಎಷ್ಟೋ ಸಲ ಬರೆದಿದ್ದೇನೆ, ಹಳೇ ಗೆಳೆಯರಿಗೆ ನೆನಪಿರುತ್ತದೆ. ಆದರೆ ನನಗಾದಾಗ ಬಂದದ್ದಕ್ಕಿಂತ ಇವತ್ತು ಅವಳಿಗಾದದ್ದನ್ನು ನೋಡಿ ಹೆಚ್ಚು ಸಿಟ್ಟು ಬಂತು.

ಆ ಪ್ರೆಸೆಂಟೇಷನ್ ಹಿಂದಿನ ಕೆಲಸ ನನಗೆ ಗೊತ್ತು. ಎಚ್‌ಎಸ್‌ಕೆ ಅನ್ನುವ ಚೀನೀ ಭಾಷಾ ಪರೀಕ್ಷೆಯ ಮೇಲಿನ ಹಂತ ಪಾಸಾದರೆ ಚೀನೀ ಪತ್ರಿಕೆ ಓದಬಹುದು, ಬ್ಯಾಂಕಿನಲ್ಲಿ ಕೆಲಸ ಮಾಡಿಸಿಕೊಳ್ಳಬಹುದು. ಒಬ್ಬ ಸಪ್ಲೈಯರ್ ಎದುರು ನಿಂತು ಹಣ ಕೊಡಿ ಅನ್ನುವುದು ಅದರಿಂದ ಬರುವುದಿಲ್ಲ. ಔಪಚಾರಿಕ ಸಭೆಯ ಚೀನೀ ಭಾಷೆಯೇ ಬೇರೆ. ಮೊದಲು ಹುದ್ದೆಯ ಕ್ರಮದಲ್ಲಿ ಹಿರಿಯರಿಗೆ ವಂದನೆ. ಮನೆತನದ ಹೆಸರಿಗೆ 'ಝೋಂಗ್' (ಮುಖ್ಯಸ್ಥ ಅನ್ನುವ ಗೌರವದ ಪದ) ಸೇರಿಸಿ ಕರೆಯಬೇಕು, ವಾಂಗ್ ಝೋಂಗ್, ಲಿ ಝೋಂಗ್ ಅಂತ. ಉಪ ಜನರಲ್ ಮ್ಯಾನೇಜರ್ ಆಗಿದ್ದರೂ ಎದುರಿಗೆ ಆ 'ಉಪ' ಅನ್ನಬಾರದು. ಅವರ ಕಂಪನಿಯನ್ನು ಹೇಳುವಾಗ ಗೌರವದ ಮಾತು, ನಮ್ಮದಕ್ಕೆ ಸಾದಾ ಮಾತು. ಇನ್ನು ಸ್ಪ್ರೇ, ಡೈ, ಬ್ಲೋಹೋಲ್‌ಗಳಿಗೆ ಶಾಪ್ ಫ್ಲೋರಿನಲ್ಲಿ ಜನ ಆಡುವ ಪದಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮೆಷಿನ್ ಪಕ್ಕದಲ್ಲಿ ನಿಂತು ಆಪರೇಟರ್‌ಗಳಿಂದಲೇ ಕಲಿಯಬೇಕು. ಇವಳು ಹಾಗೇ ಕಲಿತದ್ದು.

ಸಂಖ್ಯೆಗಳ ವಿಷಯದಲ್ಲಿ ಮಾತ್ರ ನಮಗೊಂದು ಅನುಕೂಲ ಇದೆ, ಅದನ್ನು ಹೇಳಲೇಬೇಕು. ಚೀನೀಯರು ಸಾವಿರ ದಾಟಿದರೆ ಹತ್ತು ಸಾವಿರದ ಗುಂಪಿನಲ್ಲಿ ಎಣಿಸುತ್ತಾರೆ, ಅದೇ ವಾನ್. ಹತ್ತು ಸಾವಿರ ವಾನ್ ಸೇರಿದರೆ ಒಂದು ಯಿ. ಇಂಗ್ಲಿಷಿನಲ್ಲಿ ಥೌಸಂಡ್, ಮಿಲಿಯನ್ ಅಂತ ಯೋಚಿಸುವವರು ಪ್ರತಿ ಸಂಖ್ಯೆಗೂ ಸೊನ್ನೆ ಎಣಿಸುತ್ತಾ ನಿಂತುಬಿಡುತ್ತಾರೆ. ನಮಗೆ ಒಂದು ಲಕ್ಷ ಅಂದರೆ 10 ವಾನ್, ಒಂದು ಕೋಟಿ ಅಂದರೆ 1,000 ವಾನ್, 10 ಕೋಟಿ ಅಂದರೆ ಒಂದು ಯಿ. ಲಕ್ಷದಲ್ಲಿ ಯೋಚಿಸಿ ಹತ್ತರಿಂದ ಗುಣಿಸಿದರೆ ಆಯಿತು. ಶೇಕಡಾ ಕೂಡ ಹಾಗೇ, ಅವರೂ 'ನೂರರಲ್ಲಿ ಇಷ್ಟು' ಅಂತ ನೂರನ್ನು ಮೊದಲು ಹೇಳುತ್ತಾರೆ, ಕನ್ನಡದ 'ಶೇಕಡಾ ಮೂವತ್ತು' ಇದ್ದ ಹಾಗೆ. ಉಚ್ಚಾರಣೆಯಲ್ಲೂ ಅಷ್ಟೆ. ಚೀನೀ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮಕ್ಕೆ ಪಿನ್‌ಯಿನ್ ಅನ್ನುತ್ತಾರೆ. ಪಿನ್‌ಯಿನ್‌ನಲ್ಲಿ ಬಿ ಅಂತ ಬರೆಯುವುದು ನಮ್ಮ ಪ, ಪಿ ಅಂತ ಬರೆಯುವುದು ಮಹಾಪ್ರಾಣದ ಫ. ತ-ಥ, ಕ-ಖ ಕೂಡ ಹೀಗೇ. ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿ ಕಲಿತ ಮಕ್ಕಳಿಗೆ ಅರ್ಧ ದಾರಿ ಸಲೀಸು. ಉಳಿದ ಅರ್ಧ ಸ್ವರದ ಏರಿಳಿತ, ಅಲ್ಲಿ ಎಲ್ಲರಂತೆ ನಾವೂ ಬೆವರು ಸುರಿಸಬೇಕು. ಕೊಳ್ಳುವುದು, ಮಾರುವುದು ಎರಡೂ 'ಮಾಯ್' ಆಗಿರುವ ಭಾಷೆಯಲ್ಲಿ ವ್ಯಾಪಾರದ ಮಾತು ಆಡಬೇಕು!

ಇಷ್ಟೆಲ್ಲ ಕಲಿತು ನಿಂತವಳ ಮಾತಿನಲ್ಲಿ ಭಾಷೆಯೊಂದನ್ನೇ ಕೇಳಿಸಿಕೊಂಡರು, ವಿಷಯ ಕೇಳಿಸಿಕೊಳ್ಳಲಿಲ್ಲ ಅಂದರೆ ಅದು ಮರ್ಯಾದೆ ಹೇಗಾಗುತ್ತದೆ?

ಬೆಳಿಗ್ಗೆಯೇ ಇದನ್ನು ಆಫೀಸಿನ ಹಿರಿಯರೊಬ್ಬರಿಗೆ ಹೇಳಿದೆ. "ಚೀನಾದಲ್ಲಿ ದೊಡ್ಡವರ ಎದುರು ಪ್ರಶ್ನೆ ಕೇಳುವುದಿಲ್ಲಮ್ಮ. ಎದುರಿನವರ ಮುಖಭಂಗ ಆಗಬಾರದು ಅಂತ ಆಮೇಲೆ ವೀಚ್ಯಾಟಿನಲ್ಲಿ ಕೇಳುತ್ತಾರೆ, ಊಟದ ಮೇಜಿನಲ್ಲಿ ಕೇಳುತ್ತಾರೆ. ಅದು ಅವರ ಸಂಸ್ಕೃತಿ" ಅಂದರು. ಪೂರ್ತಿ ಸುಳ್ಳಲ್ಲ, ಎಷ್ಟೋ ನಿರ್ಧಾರಗಳು ಸಭೆಯ ಹೊರಗೇ ಆಗುವುದನ್ನು ನಾನೂ ನೋಡಿದ್ದೇನೆ. ಆದರೆ ಇವತ್ತು ಇವಳಿಗಿಂತ ಮುಂಚೆ ನಮ್ಮದೇ ಕಂಪನಿಯ ಒಬ್ಬ ಚೀನೀ ಹುಡುಗ ಪ್ಯಾಕಿಂಗ್ ಹಾನಿಯ ಬಗ್ಗೆ ಮಾತಾಡಿದ. ಒಂದೇ ಒಂದು ಚಾರ್ಟ್ ಹಿಡಿದುಕೊಂಡು ಅದೇ ಜನ ಅವನನ್ನು ಬೆಂಡೆತ್ತಿದರು. ಈ ಶೇಕಡಾ ಯಾವುದರ ಮೇಲೆ, ಕಳಿಸಿದ ಪೆಟ್ಟಿಗೆಗಳ ಮೇಲಾ ತೆರೆದ ಪೆಟ್ಟಿಗೆಗಳ ಮೇಲಾ, ಮಳೆಗಾಲದ ಲಾಟ್ ಬೇರೆ ಮಾಡಿದ್ದೀರಾ, ಟ್ರಕ್ಕಿನವರ ಸಹಿ ಎಲ್ಲಿ. ಅವನ ಮುಖಭಂಗದ ಚಿಂತೆ ಯಾರಿಗೂ ಇರಲಿಲ್ಲ, ಮ್ಯಾನೇಜರ್ ಎದುರಿಗಿದ್ದಾರೆ ಅನ್ನುವ ಸಂಕೋಚವೂ ಇರಲಿಲ್ಲ. ಅವನು ಉತ್ತರ ಕೊಡಲು ಒದ್ದಾಡಿದ, ಕೊಟ್ಟ, ಕೊನೆಗೆ ಇಬ್ಬರೂ ಒಂದು ಸಂಖ್ಯೆಗೆ ಒಪ್ಪಿದರು. ಆ ಕೋಣೆಯಲ್ಲಿ ಮರ್ಯಾದೆ ಸಿಕ್ಕಿದ್ದು ಅವನಿಗೆ. ಆಮೇಲೆ ಇವಳು ಎದ್ದು ನಿಂತಾಗ ಅದೇ ಜನರ ಮುಖದ ಮೇಲೆ ಟೀವಿ ನೋಡುವ ನಗು. ಇದನ್ನು ಸಂಸ್ಕೃತಿ ಅಂತ ಒಪ್ಪಲು ನಾನು ತಯಾರಿಲ್ಲ.

ಟೀವಿ ಅಂದದ್ದು ಸುಮ್ಮನೆ ಅಲ್ಲ. 1988ರಲ್ಲಿ ಬೀಜಿಂಗಿಗೆ ಓದಲು ಬಂದ ಕೆನಡಾದ ಮಾರ್ಕ್ ರೋಸ್‌ವೆಲ್ ಅಲ್ಲಿನ ಟೀವಿಯಲ್ಲಿ 'ದಾಶಾನ್' ಆಗಿ ಮನೆಮಾತಾದರು. 2002ರಿಂದ ವಿದೇಶಿ ವಿದ್ಯಾರ್ಥಿಗಳಿಗೆ 'ಚೀನೀ ಸೇತುವೆ' ಅನ್ನುವ ಸ್ಪರ್ಧೆ ನಡೆಯುತ್ತಿದೆ, ಭಾಷಣ ಮಾಡುತ್ತಾರೆ, ಹಾಡುತ್ತಾರೆ, ಜನ ಮೆಚ್ಚುತ್ತಾರೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ದಾಶಾನ್ ಬಗ್ಗೆ ನನಗೆ ಬಹಳ ಗೌರವವೂ ಇದೆ, ಚೀನೀ ಹಾಸ್ಯಕಲೆಯನ್ನು ಗುರುಗಳ ಹತ್ತಿರ ಕಲಿತವರು. ಆದರೆ ವೇದಿಕೆಯ ಮೇಲಿನ ವಿದೇಶಿಯನ್ನು ನೋಡಿ ಚಪ್ಪಾಳೆ ತಟ್ಟುವ ಅಭ್ಯಾಸ ಫ್ಯಾಕ್ಟರಿಯ ಮೀಟಿಂಗ್ ರೂಮಿಗೂ ಬಂದು ಕೂತಿದೆ.

ಮಾರ್ಕ್ ಜುಕರ್‌ಬರ್ಗ್ ನೆನಪು ಮಾಡಿಕೊಳ್ಳಿ. 2014ರ ಅಕ್ಟೋಬರಿನಲ್ಲಿ ಚಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಸುಮಾರು ಅರ್ಧ ಗಂಟೆ ಚೀನೀ ಭಾಷೆಯಲ್ಲಿ ಪ್ರಶ್ನೋತ್ತರ ನಡೆಸಿದರು. ಮರುವರ್ಷ ಅದೇ ಕಡೆ ಭಾಷಣವನ್ನೇ ಮಾಡಿದರು. ಜಗತ್ತಿಡೀ ಅವರ ಉಚ್ಚಾರಣೆಗೆ ಅಂಕ ಕೊಟ್ಟಿತು. ಅವರು ಏನು ಹೇಳಿದರು ಅಂತ ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯೇ? ಅವರ ಫೇಸ್‌ಬುಕ್ 2009ರಿಂದ ಚೀನಾದಲ್ಲಿ ಮುಚ್ಚಿತ್ತು, ಅಷ್ಟು ಚಪ್ಪಾಳೆಯ ನಂತರವೂ ತೆರೆಯಲಿಲ್ಲ.

ಇನ್ನೊಬ್ಬರು ಕೆವಿನ್ ರಡ್. ಚೀನೀ ಭಾಷೆ ಓದಿ, ಬೀಜಿಂಗಿನಲ್ಲಿ ರಾಜತಾಂತ್ರಿಕರಾಗಿದ್ದು, ಆಸ್ಟ್ರೇಲಿಯಾದ ಪ್ರಧಾನಿಯಾದವರು. 2008ರ ಏಪ್ರಿಲ್‌ನಲ್ಲಿ, ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿದ್ದಾಗ, ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಎದುರು ಚೀನೀ ಭಾಷೆಯಲ್ಲೇ ಟಿಬೆಟ್‌ನಲ್ಲಿ ಮಾನವ ಹಕ್ಕುಗಳ ಗಂಭೀರ ಸಮಸ್ಯೆ ಇದೆ ಅಂದರು. ಒಲಿಂಪಿಕ್ಸ್ ಬಹಿಷ್ಕಾರ ಬೇಡ ಅಂತಲೂ ಅಂದರು. ನಿಜವಾದ ಸ್ನೇಹಿತ ಕಹಿಯಾದರೂ ಇದ್ದದ್ದನ್ನು ಹೇಳುತ್ತಾನೆ ಅನ್ನುವ ಚೀನೀಯರದೇ ಹಳೆಯ ಮಾತನ್ನು ಎತ್ತಿ ಆಡಿದರು. ಚೀನೀ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಆದರೆ ಆ ಭಾಷಣದ ಬಗ್ಗೆ ಚರ್ಚೆಯಾದದ್ದು ಅದರಲ್ಲಿದ್ದ ವಿಷಯದಿಂದ. ನನಗೆ ಇದು ಧೈರ್ಯ ಕೊಡುವ ಉದಾಹರಣೆ. ಪ್ರಧಾನಿಗೆ ಸಾಧ್ಯವಾದದ್ದು ಕ್ವಾಲಿಟಿ ಇಂಜಿನಿಯರ್‌ಗೆ ಕಷ್ಟ ಅಂತ ಗೊತ್ತು. ಹಾಗಂತ ಕೇಳುವುದನ್ನು ಬಿಡಲೇ?

"ಸಂಬಂಧ ಬೆಳೆಯುತ್ತದಲ್ಲ, ಅದೇ ಲಾಭ" ಅಂತ ಇನ್ನೊಬ್ಬ ಗೆಳತಿ ಮೆಸೇಜ್ ಹಾಕಿದ್ದಾಳೆ. ಯಾರ ಲಾಭ? ರೀವರ್ಕ್ ಬಿಲ್ ನಮ್ಮ ಪುಸ್ತಕದಲ್ಲೇ ಕೂತಿದೆ. ಅವರ ಭಾಷೆ ಬರದ ಯಾವನೋ ದುಭಾಷಿ ಕರೆದುಕೊಂಡು ಹೋಗಿ ಒರಟಾಗಿ ಇಂಗ್ಲಿಷಿನಲ್ಲಿ ಕೇಳಿದ್ದರೆ ಉತ್ತರವಾದರೂ ಸಿಗುತ್ತಿತ್ತು. ಭಾಷೆ ಕಲಿತದ್ದೇ ಅವಳಿಗೆ ಅಡ್ಡಿಯಾಗುವುದಾದರೆ ಮುಂದಿನ ಹುಡುಗ ಹುಡುಗಿಯರಿಗೆ ಕಲಿಯಿರಿ ಅಂತ ಯಾವ ಬಾಯಲ್ಲಿ ಹೇಳಲಿ?

ನಾವೇನು ಕಡಿಮೆ ಅಂತ ಕೇಳುವವರಿದ್ದೀರಿ, ಕೇಳಿ. ಬೆಂಗಳೂರಿನ ಆಫೀಸುಗಳಲ್ಲಿ ಹೊರಗಿನವರು ನಾಲ್ಕು ವಾಕ್ಯ ಕನ್ನಡ ಆಡಿದರೆ ನಾವೂ ಕುಣಿಯುತ್ತೇವೆ, ಅವರು ಹೇಳಿದ ವಿಷಯ ಅಲ್ಲೇ ಬಿಟ್ಟುಹೋಗುತ್ತದೆ. ಕಿಟ್ಟೆಲ್ ಅವರಿಗೆ ಪ್ರತಿಮೆ ನಿಲ್ಲಿಸಿದ್ದೇವೆ ನಿಜ. ಆದರೆ ಅವರ 1894ರ ನಿಘಂಟು ಇವತ್ತಿಗೂ ಉಳಿದಿರುವುದು ಅದರೊಳಗಿನ ಅರ್ಥಗಳನ್ನು ಹಿಡಿದು ವಿದ್ವಾಂಸರು ಚರ್ಚೆ ಮಾಡುವುದರಿಂದ. ಕೆಲಸ ಮಾಡಿದವರ ಜೊತೆ ಹಾಗೆ ವಾದಕ್ಕೆ ಇಳಿಯಬೇಕು.

ಒಂದು ಹಳೇ ವಿಷಯ ಹೇಳಿಬಿಡುತ್ತೇನೆ, ಇಲ್ಲಿ ಬರೆದಿರಲಿಲ್ಲ. ಸೂಜೌನಲ್ಲಿ ಒಮ್ಮೆ ನಾನು ಮಾತಾಡುತ್ತಿದ್ದಾಗ ಖರೀದಿ ವಿಭಾಗದ ಹಿರಿಯರೊಬ್ಬರು ಮಧ್ಯದಲ್ಲೇ ಕೈಯೆತ್ತಿ "ಈ ಸಂಖ್ಯೆ ಸರಿಯಿಲ್ಲ" ಅಂದರು. ನನಗೋಸ್ಕರ ನಿಧಾನ ಮಾಡಲಿಲ್ಲ, ಸುಲಭದ ಪದ ಹುಡುಕಲಿಲ್ಲ, ತಮ್ಮೂರಿನ ಧಾಟಿಯಲ್ಲಿ ಗಡಗಡ ಅಂತ ಬೈದ ಹಾಗೆ ಮಾತಾಡಿದರು. ನಾನೂ ಅಷ್ಟೇ ಜೋರಾಗಿ ಉತ್ತರ ಕೊಟ್ಟೆ. ಇಬ್ಬರೂ ಬೋರ್ಡಿನ ಮುಂದೆ ನಿಂತು ಲೆಕ್ಕ ಮಾಡಿದೆವು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ, ಖುಷಿಗೆ. "ಯಾರೋ ಬೈದರು ಅಂತೀಯ, ಖುಷಿ ಅಂತೀಯ, ಏನಾಯ್ತೇ ನಿನಗೆ" ಅಂತ ಅಮ್ಮ ಗಾಬರಿಯಾದರು. ಅಷ್ಟು ವರ್ಷದಲ್ಲಿ ಸಿಕ್ಕ ಹೊಗಳಿಕೆಗಳೆಲ್ಲ ಸೇರಿದರೂ ಆ ಒಂದು ಜಗಳಕ್ಕೆ ಸಮ ಇಲ್ಲ. ಇವಳಿಗೆ ಅಂಥದ್ದೊಂದು ಜಗಳ ಬೇಗ ಸಿಗಲಿ.

ಚೀನೀ ಭಾಷೆಯ ಔಪಚಾರಿಕ ಭಾಷಣ ಮುಗಿಸುವಾಗ "ದಯವಿಟ್ಟು ಟೀಕಿಸಿ, ತಿದ್ದಿ" ಅಂತ ಕೇಳಿಕೊಳ್ಳುವ ರೂಢಿ ಇದೆ. ಇವಳೂ ಇವತ್ತು ತಲೆಬಾಗಿಸಿ ಅದನ್ನೇ ಕೇಳಿಕೊಂಡಳು. ಅಲ್ಲಿದ್ದವರು ಟೀಕಿಸಲಿಲ್ಲ. ನನ್ನ ಸಿಟ್ಟಿಗೆ ಇನ್ನೇನು ಕಾರಣ ಬೇಕು?

ಸಂಜೆ ಫೋನ್ ಮಾಡಿದ್ದಳು. "ಅಕ್ಕಾ, ಚೆನ್ನಾಗಾಯ್ತಾ?" ಅಂದಳು, ದನಿ ಸಣ್ಣಗಿತ್ತು. ಭಾಷೆ ಬಗ್ಗೆ ಒಂದು ಮಾತೂ ಆಡಲಿಲ್ಲ ನಾನು. "ಆ ಶಿಫ್ಟಿನ ಚಾರ್ಟಿನಲ್ಲಿ ರಾತ್ರಿ ಪಾಳಿಯ ಡೇಟಾ ಯಾಕೆ ಇಲ್ಲ?" ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು ಶುರು ಮಾಡಿದಳು ನೋಡಿ, ಬಹಳ ಹೊತ್ತು ವಾದ ಮಾಡಿದೆವು. ಮುಂದಿನ ರಿವ್ಯೂಗೆ ಸ್ಲೈಡ್‌ಗಳ ಕ್ರಮ ಬದಲಾಯಿಸುತ್ತಿದ್ದೇವೆ. ವಂದನೆ ಆದ ತಕ್ಷಣ ಮೊದಲ ಸ್ಲೈಡಿನಲ್ಲೇ ಮೊತ್ತ, ಯಾರು ಕೊಡಬೇಕು, ಯಾವ ತಾರೀಕಿನೊಳಗೆ. ಅದರ ಪಕ್ಕದಲ್ಲಿ ಅವರ ಸಹಿಗೆ ಎರಡು ಖಾನೆ, ಒಪ್ಪಿದೆ, ಒಪ್ಪಿಲ್ಲ. ಯಾವುದಾದರೂ ಒಂದನ್ನು ತುಂಬದೆ ಎರಡನೇ ಸ್ಲೈಡಿಗೆ ಹೋಗಬೇಡ ಅಂತ ಹೇಳಿದ್ದೇನೆ. ಅಲ್ಲಿ ಕೆಲಸ ಮಾಡಿದ ಗೆಳೆಯರು ಇದನ್ನು ಓದುತ್ತಿದ್ದರೆ, ವೆಚ್ಚ ಹಂಚಿಕೆಯ ಪುಟವನ್ನು ನೀವು ಹೇಗೆ ಬರೆಯುತ್ತಿದ್ದಿರಿ, ಅವರು ಯಾವ ಕಡೆ ಹಿಡಿದು ಎಳೆಯುತ್ತಿದ್ದರು ಅಂತ ಕೆಳಗೆ ಬರೆಯಿರಿ. ಅವಳಿಗೆ ತೋರಿಸುತ್ತೇನೆ.