ಟೀ ಅಂಗಡಿಯವರಿಗೆ ಮೊದಲು ಕಲಿಸಿ

ಹೆದ್ದಾರಿ ಪಕ್ಕದ ಹಳ್ಳಿಗಳಲ್ಲಿ ಪ್ರಥಮ ಚಿಕಿತ್ಸೆಗೆ ಸ್ವಯಂಸೇವಕರ ತಂಡ ಕಟ್ಟಬೇಕು ಅಂತ ಬರೆದಿದ್ದೀರಿ. ನೂರಕ್ಕೆ ನೂರು ನಿಜ. ಆದರೆ ಟೀ ಅಂಗಡಿ, ಪಂಕ್ಚರ್ ಅಂಗಡಿಯವರಿಗೆ ಮೊದಲು ಕಲಿಸಿ. ಅಪಘಾತ ಆದಾಗ ಮೊದಲು ಓಡಿ ಬರುವವರು ಅವರೇ ಅಲ್ವಾ?

ಶಿರಾಡಿ ಘಾಟಿಯಲ್ಲಿ ಒಮ್ಮೆ ಬೈಕ್ ಸವಾರನ ತೊಡೆಯಿಂದ ರಕ್ತ ಸುರಿಯುತ್ತಿತ್ತು. ಒಬ್ಬರು ಟವೆಲ್ ಒತ್ತಿ ಹಿಡಿದಿದ್ದರು. ಇನ್ನೊಬ್ಬರು 'ನಿಂತಿತಾ ನೋಡೋಣ' ಅಂತ ಪದೇ ಪದೇ ಎತ್ತುತ್ತಿದ್ದರು. ಎತ್ತಿದಾಗಲೆಲ್ಲ ಮತ್ತೆ ರಕ್ತ. ಬಟ್ಟೆ ನೆನೆದರೆ ತೆಗೆಯಬಾರದು, ಅದರ ಮೇಲೇ ಇನ್ನೊಂದು ಇಟ್ಟು ಜೋರಾಗಿ ಒತ್ತಬೇಕು. ಇಷ್ಟು ಕಲಿಯಲು ಅರ್ಧ ಗಂಟೆ ಜಾಸ್ತಿಯೇ.

ಪೊಲೀಸ್ ಕೇಸಿನ ಭಯಕ್ಕೆ ಹಿಂದೆ ಸರಿಯುವವರಿಗೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ ಅಂತಲೂ ಅಲ್ಲೇ ಹೇಳಿಕೊಡಿ.