ರಿಯೊದ ಕುಣಿತ ಚಿನ್ನದ ಸಂಭ್ರಮವಲ್ಲ: ಸ್ಪಷ್ಟನೆ
ಪೆಸಿಫಿಕ್ ಸಾಗರದ ಕಿರಿಬಾಟಿ ದೇಶದ ಭಾರ ಎತ್ತುವ ಪಟು ಡೇವಿಡ್ ಕಟೋಟೌ ವೇದಿಕೆಯಲ್ಲಿ ಕುಣಿಯುವ ವಿಡಿಯೊ, ‘2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸಂಭ್ರಮ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಇದು ಸರಿಯಲ್ಲ. ಅಧಿಕೃತ ಫಲಿತಾಂಶದ ಪ್ರಕಾರ ರಿಯೊದ 105 ಕೆ.ಜಿ. ವಿಭಾಗದಲ್ಲಿ ಅವರಿಗೆ ದೊರೆತದ್ದು 14ನೇ ಸ್ಥಾನ; ಕಿರಿಬಾಟಿಗೆ ಒಲಿಂಪಿಕ್ ಪದಕ ಈವರೆಗೆ ಒಲಿದೇ ಇಲ್ಲ. ಅವರ ಚಿನ್ನ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ್ದು, ಆ ಕೂಟದಲ್ಲಿ ದೇಶಕ್ಕೆ ದಕ್ಕಿದ ಮೊತ್ತಮೊದಲ ಪದಕ ಅದು. ಸಮುದ್ರಮಟ್ಟ ಏರುತ್ತಿರುವುದರಿಂದ ತಮ್ಮ ತಗ್ಗಿನ ಹವಳದ್ವೀಪಗಳಿಗೆ ಒದಗಿರುವ ಅಪಾಯದತ್ತ ಜಗತ್ತಿನ ಗಮನ ಸೆಳೆಯಲೆಂದೇ ಕುಣಿದದ್ದಾಗಿ ಸ್ವತಃ ಅವರೇ ಹೇಳಿದ್ದರು. ಪದಕದ ಕಥೆ ಅಂಟಿಸಿದರೆ ಆ ಮಾತೇ ಮರೆಯಾಗುತ್ತದೆ ಎಂಬುದು ನನ್ನ ಅಳಲು. ದಯವಿಟ್ಟು ಈ ಒಕ್ಕಣೆಯ ವಿಡಿಯೊವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.